ಬೋಟಿನಿಂದ ಲಾರಿಗೆ: ತದಡಿಯ ಚಾಲಕರೊಬ್ಬರ ಪ್ರಕರಣ

ಲಾರಿ ಕೆಲಸಕ್ಕೆ ಹೊಸದಾಗಿ ಬರಲು ಯೋಚಿಸುವವರು ನನ್ನನ್ನು ಕೇಳುವುದು ಬಹುತೇಕ ಒಂದೇ ಪ್ರಶ್ನೆ: ‘ಹೆವಿ ಲೈಸೆನ್ಸ್ ಮಾಡಿಸಿದರೆ ಕೆಲಸ ಸಿಗುತ್ತದೆಯೇ?’ ಸಿಗುತ್ತದೆ. ಚಾಲಕರಿಲ್ಲದೆ ನಿಂತ ಲಾರಿಗಳು ಅಂಕೋಲೆಯಲ್ಲೂ ಇವೆ, ಹುಬ್ಬಳ್ಳಿಯಲ್ಲೂ ಇವೆ. ಕೆಲಸ ಸಿಕ್ಕವರಲ್ಲಿ ಒಂದು ವರ್ಷ ಉಳಿಯುವವರು ಯಾರು, ಕೆಲವೇ ತಿಂಗಳಲ್ಲಿ ಸಾಲ ಹೊತ್ತು ಊರಿಗೆ ಮರಳುವವರು ಯಾರು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಂಕೋಲೆಯ ಲಾರಿ ಕಚೇರಿಯೊಂದರಲ್ಲಿ ಟ್ರಿಪ್ ಲೆಕ್ಕ ಬರೆಯುವುದು ನನ್ನ ಕೆಲಸ. ಚಾಲಕರು ಬರುವುದನ್ನೂ ಹೋಗುವುದನ್ನೂ ಲೆಕ್ಕದ ಪುಸ್ತಕದ ಈ ಬದಿಯಿಂದ ನೋಡುತ್ತ ಬಂದಿದ್ದೇನೆ. ಟ್ರಿಪ್‌ನ ಲೆಕ್ಕ ಹೇಗಿರುತ್ತದೋ ಚಾಲನೆಯೂ ಹಾಗೆಯೇ ಇರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಒಬ್ಬರ ಪ್ರಕರಣವನ್ನು ಮೊದಲಿನಿಂದ ಬರೆದಿಡುತ್ತಿದ್ದೇನೆ. ಹೆಸರು ಬೇಡ, ಊರು ಹೇಳಬಹುದು ಎಂದರು. ಹಾಗಾಗಿ ಇಲ್ಲಿ ಅವರು ತದಡಿಯವರು.

ಸಮುದ್ರ ಬಿಟ್ಟದ್ದು

ಅಘನಾಶಿನಿ ನದಿ ಕಡಲು ಸೇರುವಲ್ಲಿರುವ ತದಡಿ ಬಂದರಿನಲ್ಲಿ ಅವರು ಮೀಸೆ ಮೂಡುವ ವಯಸ್ಸಿನಿಂದ ಟ್ರಾಲ್ ಬೋಟಿನ ಖಲಾಸಿ, ಅಂದರೆ ಬೋಟಿನ ಕೆಲಸಗಾರ. ಬೋಟಿನಲ್ಲಿ ನಿಗದಿತ ಸಂಬಳವಿಲ್ಲ, ಪಾಲು ಇರುತ್ತದೆ. ಮೀನು ಮಾರಿದ ಹಣದಲ್ಲಿ ಡೀಸೆಲ್, ಐಸ್, ರೇಷನ್ ಖರ್ಚು ಕಳೆದು, ಬೋಟಿನ ಪಾಲು ತೆಗೆದು, ಮಿಕ್ಕದ್ದನ್ನು ತಾಂಡೇಲ (ಬೋಟ್ ನಡೆಸುವವರು) ಮತ್ತು ಖಲಾಸಿಗಳು ಹಂಚಿಕೊಳ್ಳಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಮನೆ ನಡೆಯುವುದು ಬೋಟಿನ ಮಾಲೀಕರ ಮುಂಗಡದಿಂದ. ಆಗಸ್ಟ್‌ನಲ್ಲಿ ಬೋಟ್ ಹೊರಟಾಗ ಮೊದಲು ತೀರಬೇಕಾದದ್ದು ಅದೇ ಮುಂಗಡ. ಡೀಸೆಲ್ ದರ ಏರಿದ ಮೇಲೆ ಹಂಚುವುದಕ್ಕೆ ಉಳಿಯುವುದೇ ಕಡಿಮೆಯಾಯಿತು. 2022ರಲ್ಲಿ ಮಗಳು ಶಾಲೆಗೆ ಸೇರುವ ಹೊತ್ತಿಗೆ ಅವರಿಗೆ 31 ವರ್ಷ. ತಾಯಿ ಅಘನಾಶಿನಿಯ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಆರಿಸಿ ಮಾರಿದ ದುಡ್ಡೂ ಸೇರಿದರೆ ತಿಂಗಳ ಲೆಕ್ಕ ಹೇಗೋ ಸರಿಹೋಗುತ್ತಿತ್ತು.

ಲಾರಿ ಯಾಕೆ ಎಂದು ಕೇಳಿದ್ದೆ. ‘ಬಂದರಿಗೆ ಬರುವ ಮೀನಿನ ಲಾರಿಯವರು ಮಳೆಗಾಲದಲ್ಲೂ ದುಡಿಯುತ್ತಾರೆ’ ಎಂದರು. ಕಾರಣ ಅಷ್ಟೇ. ರಸ್ತೆಯ ಮೋಹ, ಊರೂರು ಸುತ್ತುವ ಆಸೆ ಏನೂ ಇರಲಿಲ್ಲ. ಇದನ್ನು ನಾನು ಒಳ್ಳೆಯ ಲಕ್ಷಣ ಎಂದೇ ತಿಳಿದೆ. ಆಸೆಯಿಂದ ಬಂದವರನ್ನು ಮೊದಲ ಮಳೆಗಾಲವೇ ಓಡಿಸುತ್ತದೆ.

ಲೈಸೆನ್ಸ್ ಮತ್ತು ಕಾಯುವ ವರ್ಷ

ಅವರು ಓದಿದ್ದು ಏಳನೇ ತರಗತಿಯವರೆಗೆ. ಸಾರಿಗೆ ವಾಹನದ ಲೈಸೆನ್ಸಿಗೆ ಮೊದಲು ಎಂಟನೇ ತರಗತಿ ಪಾಸಾಗಿರಬೇಕಿತ್ತು. ಆ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿದೆ. ಊರಿನಲ್ಲಿ ಹಲವರಿಗೆ ಇದು ಇನ್ನೂ ಗೊತ್ತಿಲ್ಲ. ‘ನಿನಗೆ ಆಗುವುದಿಲ್ಲ’ ಎಂದು ಅವರಿಗೂ ಇಬ್ಬರು ಮೂವರು ಹೇಳಿದ್ದರು. ಇನ್ನೊಂದು ತೊಡಕು ನಿಜವಾದದ್ದೇ ಆಗಿತ್ತು. ಅವರ ಬಳಿ ಇದ್ದದ್ದು ಬೈಕಿನ ಲೈಸೆನ್ಸ್ ಮಾತ್ರ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಲಘು ವಾಹನದ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಕಳೆಯದೆ ಸಾರಿಗೆ ವಾಹನದ ಕಲಿಕಾ ಲೈಸೆನ್ಸ್ ಕೊಡುವಂತಿಲ್ಲ. ವಯಸ್ಸು ಇಪ್ಪತ್ತು ತುಂಬಿರಬೇಕು. ಅಂದರೆ ಇಂದು ತೀರ್ಮಾನಿಸಿದವರು ಲಾರಿಯ ಸೀಟಿಗೆ ಬರುವುದು ಒಂದೂವರೆ ವರ್ಷದ ಆಚೆಗೆ. ಈ ಅವಧಿಯಲ್ಲಿ ಮನೆ ನಡೆಯುವುದು ಹೇಗೆ ಎಂದು ಮೊದಲೇ ಯೋಚಿಸದವರು ಅರ್ಧದಲ್ಲೇ ಕೈಬಿಡುತ್ತಾರೆ.

ಅವರು ಯೋಚಿಸಿದ್ದರು. ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಲಘು ವಾಹನದ ಲೈಸೆನ್ಸ್ ಕೈಗೆ ಬಂದ ಕೂಡಲೇ ಅವರು ಬೋಟ್ ಬಿಟ್ಟು ಮೀನಿನ ಪಿಕಪ್ ಹಿಡಿದರು. ತದಡಿಯಿಂದ ಕುಮಟಾ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಯ ಮಾರುಕಟ್ಟೆ. ಕುಮಟಾ–ಶಿರಸಿ ರಸ್ತೆ ಸುಮಾರು 60 ಕಿಲೋಮೀಟರ್; ಬೆಳಗಾಗುವ ಮೊದಲೇ ಘಟ್ಟ ದಾಟಬೇಕು.

ಚಿಕ್ಕ ವಾಹನವಾದರೂ ಆ ವರ್ಷ ಕಲಿಸಿದ್ದು ಚಿಕ್ಕದಲ್ಲ. ಬಂಗಡೆ, ತಾರ್ಲೆ ತುಂಬಿದ ಕ್ರೇಟುಗಳ ಮೇಲೆ ಪುಡಿ ಮಾಡಿದ ಐಸ್ ಹಾಕಿದರೆ ದಾರಿಯುದ್ದಕ್ಕೂ ನೀರು ಸೋರುತ್ತದೆ. ಮೀನಿನ ಎಣ್ಣೆ ಬೆರೆತ ಆ ನೀರು ತಿರುವಿನಲ್ಲಿ ಬಿದ್ದರೆ ಹಿಂದೆ ಬರುವ ಬೈಕಿನವರು ಜಾರಿ ಬೀಳುತ್ತಾರೆ. ಅವರು ಪಿಕಪ್ಪಿನ ತಳದ ರಂಧ್ರಕ್ಕೆ ಪೈಪ್ ಕೂರಿಸಿ, ನೀರು ಕ್ಯಾನಿನಲ್ಲಿ ಸೇರುವಂತೆ ಮಾಡಿ, ಘಟ್ಟ ಹತ್ತುವ ಮೊದಲು ಖಾಲಿ ಮಾಡುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಅವರ ವಿಷಯ ಮೊದಲು ನನ್ನ ಕಿವಿಗೆ ಬಿದ್ದದ್ದು ಈ ಕ್ಯಾನಿನ ಕಾರಣದಿಂದಲೇ. ತನ್ನ ಹಿಂದೆ ಬರುವವರ ಚಿಂತೆ ಇರುವ ಚಾಲಕರನ್ನು ಬೇರೆ ಪರೀಕ್ಷೆಗೆ ಒಡ್ಡಬೇಕಾಗಿಲ್ಲ.

2023ರ ಕೊನೆಗೆ ಭಾರಿ ವಾಹನದ ಲೈಸೆನ್ಸ್ ಬಂತು. ವೈದ್ಯರ ಪ್ರಮಾಣಪತ್ರ ಬೇಕು, ಡ್ರೈವಿಂಗ್ ಶಾಲೆಯ ತರಬೇತಿ ಪತ್ರ ಬೇಕು. ಸಾರಿಗೆ ವಾಹನಕ್ಕೆ ಕನಿಷ್ಠ 15 ಗಂಟೆ ಸ್ಟೇರಿಂಗ್ ಹಿಡಿದಿರಬೇಕು ಎಂಬುದು ನಿಯಮ. ಆ ಗಂಟೆಗಳೆಲ್ಲ ಖಾಲಿ ಲಾರಿಯಲ್ಲಿ, ಸಪಾಟು ರಸ್ತೆಯಲ್ಲಿ ಕಳೆಯುತ್ತವೆ. ಲೋಡ್ ತುಂಬಿದ ಲಾರಿ ಬ್ರೇಕ್ ಒತ್ತಿದ ಮೇಲೂ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಅಲ್ಲಿ ಯಾರೂ ತೋರಿಸುವುದಿಲ್ಲ. ಸಾರಿಗೆ ಲೈಸೆನ್ಸಿನ ಅವಧಿ ಈಗ ಐದು ವರ್ಷ. ಅವರು ಆ ಕಾರ್ಡನ್ನು ಮನೆಯ ದೇವರ ಮುಂದೆ ಇಟ್ಟು ತೆಗೆದುಕೊಂಡರು.

ಮುಂದಿದ್ದ ನಾಲ್ಕು ದಾರಿಗಳು

ಈ ಪ್ರಕರಣದ ನಿಜವಾದ ತಿರುವು ಇಲ್ಲಿದೆ. ಲೈಸೆನ್ಸ್ ಬಂದ ತಿಂಗಳಲ್ಲೇ ನಾಲ್ಕು ಕಡೆಯಿಂದ ಕರೆ ಬಂದವು.

ಮೊದಲನೆಯದು ಟ್ಯಾಂಕರ್. ಕಾರವಾರ ಬಂದರಿಗೆ ಬಿಟುಮಿನ್ ಬರುತ್ತದೆ, ಇಂಧನದ ಟ್ಯಾಂಕರ್‌ಗಳೂ ಹೆದ್ದಾರಿಯಲ್ಲಿ ಸದಾ ಇರುತ್ತವೆ, ಬಾಟಾ, ಅಂದರೆ ಚಾಲಕರ ಭತ್ಯೆ, ಚೆನ್ನಾಗಿರುತ್ತದೆ. ಆದರೆ ಅಪಾಯಕಾರಿ ಸರಕು ಸಾಗಿಸಲು ಪ್ರತ್ಯೇಕ ಮೂರು ದಿನದ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದಿಸಿಕೊಳ್ಳಬೇಕು. ‘ಅದು ಆಮೇಲೆ ನೋಡಿಕೊಳ್ಳೋಣ, ಮೊದಲು ಗಾಡಿ ಹತ್ತು’ ಎಂದರಂತೆ. ಹತ್ತಲಿಲ್ಲ.

ಎರಡನೆಯದು ಸ್ವಂತ ಲಾರಿ. ನೆಂಟರೊಬ್ಬರು ಹಳೆಯ ಹತ್ತು ಗಾಲಿ ಲಾರಿ ತೋರಿಸಿ, ಮನೆಯ ಚಿನ್ನ ಅಡವಿಟ್ಟು, ಉಳಿದದ್ದಕ್ಕೆ ಫೈನಾನ್ಸ್ ಮಾಡಿಸೋಣ ಎಂದರು. ಈ ವಿಷಯ ಕೇಳಲು ಅವರು ನನ್ನ ಕಚೇರಿಗೆ ಬಂದರು. ನಮ್ಮ ಪರಿಚಯ ಆದದ್ದು ಹಾಗೆ. ನಾನು ಅದಿರಿನ ಕಾಲದ ಕಥೆ ಹೇಳಿದೆ. ಹೊಸಪೇಟೆ, ಸಂಡೂರಿನ ಕಡೆಯಿಂದ ಹುಬ್ಬಳ್ಳಿ, ಯಲ್ಲಾಪುರ, ಅರೆಬೈಲ್ ಘಟ್ಟ ಇಳಿದು ಬೇಲೆಕೇರಿಗೂ ಕಾರವಾರಕ್ಕೂ ಅದಿರಿನ ಲಾರಿಗಳು ಸಾಲುಗಟ್ಟಿದ್ದ ದಿನಗಳಲ್ಲಿ ಈ ಜಿಲ್ಲೆಯಲ್ಲಿ ಚಾಲಕರಾಗಿದ್ದವರೆಲ್ಲ ಮಾಲೀಕರಾಗಲು ಹೊರಟಿದ್ದರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿತು. ಲಾರಿ ನಿಂತಿತು, ಕಂತು ನಿಲ್ಲಲಿಲ್ಲ. ಒಂದೇ ಬಗೆಯ ಲೋಡನ್ನು ನಂಬಿ ಸಾಲದ ಲಾರಿ ತಂದವರ ಮನೆಗಳಲ್ಲಿ ಆಮೇಲೆ ಏನಾಯಿತು ಎಂಬುದನ್ನು ಕಣ್ಣಾರೆ ಕಂಡವನು ನಾನು. ಇನ್ನೂ ಘಟ್ಟ ಇಳಿಸಲು ಬಾರದವರಿಗೆ ಸ್ವಂತ ಲಾರಿ ಬೇಡವೇ ಬೇಡ ಎಂದು ಹೇಳಿದೆ. ಈಗಲೂ ಕೇಳಿದವರಿಗೆಲ್ಲ ಹೇಳುತ್ತೇನೆ.

ಮೂರನೆಯವರು ಹತ್ತಾರು ಲಾರಿಗಳ ಮಾಲೀಕರು. ಸೇರುವ ದಿನವೇ ಕೈತುಂಬ ಮುಂಗಡ, ಮರುದಿನದಿಂದಲೇ ಗಾಡಿ. ನಾಲ್ಕನೆಯವರು ಅಂಕೋಲೆಯಲ್ಲಿ ಮೂರು ಲಾರಿ ಇಟ್ಟುಕೊಂಡವರು. ಅವರ ಮಾತು ಸರಳವಾಗಿತ್ತು: ‘ಆರು ತಿಂಗಳು ನಮ್ಮ ಹಿರಿಯ ಡ್ರೈವರ್ ಜೊತೆ ಕ್ಲೀನರ್ ಆಗಿ ಹೋಗಿ. ಕ್ಲೀನರ್ ಬಾಟಾ ಕೊಡುತ್ತೇನೆ. ಅವರು ಸರಿ ಎಂದ ದಿನ ಗಾಡಿ ಕೊಡುತ್ತೇನೆ. ಮುಂಗಡ ಕೊಡುವುದಿಲ್ಲ.’

ಪಿಕಪ್ಪಿನಲ್ಲಿ ದುಡಿಯುತ್ತಿದ್ದುದಕ್ಕಿಂತ ಕಡಿಮೆ ಹಣ, 32ರ ವಯಸ್ಸಿನಲ್ಲಿ ಕ್ಲೀನರ್ ಸೀಟು. ಮನೆಯಲ್ಲಿ ಅಸಮಾಧಾನವಾಗುವುದು ಸಹಜ. ಇಲ್ಲಿ ಮುಖ್ಯವಾದ ಮಾತು ಬಂದದ್ದು ಅವರ ಹೆಂಡತಿಯಿಂದ. ಅವರು ಊರಿನ ಸ್ವಸಹಾಯ ಸಂಘದ ಲೆಕ್ಕ ಬರೆಯುವವರು. ಮೂರನೆಯ ಮಾಲೀಕರ ಮುಂಗಡದ ಬಗ್ಗೆ ಅವರು ಕೇಳಿದ್ದು ಒಂದೇ: ‘ಬೋಟಿನವರ ಮುಂಗಡ ತೀರಿಸಿ ಹೊರಗೆ ಬರಲು ನಿಮಗೆ ಎಷ್ಟು ವರ್ಷ ಹಿಡಿಯಿತು?’ ಅಂಕೋಲೆಯ ಕೆಲಸಕ್ಕೆ ಅಲ್ಲಿಗೆ ಒಪ್ಪಿಗೆಯಾಯಿತು.

ಕ್ಲೀನರ್ ಸೀಟಿನಲ್ಲಿ ಕಲಿತದ್ದು

ಈಗ ಎಷ್ಟೋ ಲಾರಿಗಳಲ್ಲಿ ಕ್ಲೀನರ್ ಇರುವುದಿಲ್ಲ. ಖರ್ಚು ಉಳಿಸಲು ಚಾಲಕರೊಬ್ಬರನ್ನೇ ಕಳುಹಿಸುತ್ತಾರೆ. ಇದರಿಂದ ಹೋದದ್ದು ಒಂದು ಸಂಬಳವಷ್ಟೇ ಅಲ್ಲ, ಈ ವೃತ್ತಿಯ ಪಾಠಶಾಲೆಯೇ ಮುಚ್ಚಿಹೋಯಿತು. ತದಡಿಯವರಿಗೆ ಸಿಕ್ಕ ಉಸ್ತಾದರು, ಅಂದರೆ ಕೆಲಸ ಕಲಿಸುವ ಹಿರಿಯ ಡ್ರೈವರ್, ಅದಿರಿನ ಕಾಲದಿಂದ ಅರೆಬೈಲ್ ಘಟ್ಟ ಓಡಿಸಿದವರು. ಮಾತು ಕಡಿಮೆ, ಕಣ್ಣು ಚುರುಕು.

ಸಮುದ್ರದ ಕೆಲಸ ಕೆಲವು ಕಡೆ ಕೈಹಿಡಿಯಿತು. ತಾಡಪಾಲು ಹೊದಿಸಿ ಹಗ್ಗ ಬಿಗಿಯುವುದನ್ನು ಅವರಿಗೆ ಯಾರೂ ಕಲಿಸಬೇಕಾಗಲಿಲ್ಲ. ಗಾಳಿಗೆ ಬಿಚ್ಚದ, ಬೇಕೆಂದಾಗ ಒಂದೇ ಎಳೆತಕ್ಕೆ ಸಡಿಲವಾಗುವ ಗಂಟು ಹಾಕುವುದನ್ನು ಉಸ್ತಾದರೇ ಅವರಿಂದ ಕಲಿತರು. ರಾತ್ರಿ ಎಚ್ಚರವಿರುವುದು, ಸಿಕ್ಕ ಎರಡು ತಾಸಿನಲ್ಲಿ ನಿದ್ದೆ ಮಾಡುವುದು ಕೂಡ ರೂಢಿಯೇ. ಕಷ್ಟವಾದದ್ದು ಹಿಂದಕ್ಕೆ ಸರಿಸುವುದು. ಹುಬ್ಬಳ್ಳಿಯ ಇಕ್ಕಟ್ಟಿನ ಗೋದಾಮಿನಲ್ಲಿ ಕನ್ನಡಿ ನೋಡಿಕೊಂಡು ಹತ್ತು ಗಾಲಿಯನ್ನು ರಿವರ್ಸ್ ಹಾಕುವಾಗ ಬೆವರು ಇಳಿಯುತ್ತಿತ್ತು ಎನ್ನುತ್ತಾರೆ.

ಅಂಕೋಲೆಯಿಂದ ಹುಬ್ಬಳ್ಳಿಗೆ ಸುಮಾರು 130 ಕಿಲೋಮೀಟರ್. ಹುಬ್ಬಳ್ಳಿಯ ಕಡೆಯಿಂದ ಸಿಮೆಂಟ್ ಅಥವಾ ಗೊಬ್ಬರ ತುಂಬಿ ಬರುವಾಗ ಯಲ್ಲಾಪುರ ದಾಟಿದ ಮೇಲೆ ಅರೆಬೈಲ್ ಘಟ್ಟದ ಇಳಿಜಾರು. ಉಸ್ತಾದರು ಪ್ರತಿ ಸಲವೂ ಇಳಿಯುವ ಮೊದಲು ಲಾರಿ ನಿಲ್ಲಿಸುತ್ತಿದ್ದರು. ಕ್ಲೀನರ್ ಇಳಿದು ಮೊದಲು ಗಾಲಿಗೆ ಮರದ ತುಂಡು ಕೊಡಬೇಕು. ಆಮೇಲೆ ಕಬ್ಬಿಣದ ರಾಡು ಹಿಡಿದು ಒಂದೊಂದೇ ಟಯರಿಗೆ ಬಡಿಯುತ್ತ ಹೋಗಬೇಕು. ಗಾಳಿ ಸರಿಯಿದ್ದರೆ ರಾಡು ಪುಟಿಯುತ್ತದೆ, ಕಡಿಮೆಯಿದ್ದರೆ ಮೊದ್ದಾದ ಶಬ್ದ ಬರುತ್ತದೆ. ಜೋಡಿ ಟಯರುಗಳ ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ ಎಂದು ಟಾರ್ಚ್ ಹಾಕಿ ನೋಡಬೇಕು. ಏರ್ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದು ಸೇರಿಕೊಂಡ ನೀರು ಹೊರಬಿಡಬೇಕು. ಮಳೆಗಾಲದಲ್ಲಿ ಅಲ್ಲಿಂದ ಕಂದು ಬಣ್ಣದ, ಎಣ್ಣೆ ವಾಸನೆಯ ನೀರು ಚಿಮ್ಮುತ್ತದೆ. ಅದು ಬ್ರೇಕಿನ ಗಾಳಿಯ ಕೊಳವೆಗೆ ಹೋಗಬಾರದು. ಕೊನೆಗೆ ಕೈಯ ಹಿಂಬದಿಯನ್ನು ಬ್ರೇಕ್ ಡ್ರಮ್ಮಿನ ಹತ್ತಿರ ಹಿಡಿದು ಬಿಸಿ ನೋಡುವುದು. ಇಷ್ಟೂ ಆದ ಮೇಲೆ ಕ್ಯಾಬಿನ್ನಿಗೆ ಹತ್ತಿ, ಗಾಳಿಯ ಒತ್ತಡದ ಮುಳ್ಳು ಮೇಲೆ ಬರುವವರೆಗೆ ಕಾದು, ಹೊರಡುವುದು.

‘ತಮ್ಮ, ಈ ಲೋಡಿಗೆ ಈ ಘಟ್ಟ ಹತ್ತಲು ಯಾವ ಗೇರು ಬೇಕೋ, ಇಳಿಯಲೂ ಅದೇ ಗೇರು’ ಎಂಬುದು ಉಸ್ತಾದರ ಪಾಠ. ಇಳಿಜಾರಿನಲ್ಲಿ ಲಾರಿಯನ್ನು ಹಿಡಿದಿಡಬೇಕಾದದ್ದು ಎಂಜಿನ್. ಬ್ರೇಕನ್ನು ಒತ್ತಿ ಹಿಡಿದೇ ಇಳಿದರೆ ಲೈನರ್ ಕಾದು, ಹೊಗೆ ಬಂದು, ಕೊನೆಗೆ ಎಷ್ಟು ಒತ್ತಿದರೂ ಲಾರಿ ನಿಲ್ಲದ ಸ್ಥಿತಿ ಬರುತ್ತದೆ. ಆ ಹಂತದಲ್ಲಿ ಗೇರು ಕೆಳಗೆ ಇಳಿಸಲು ಹೋದರೆ ಗೇರು ಬೀಳುವುದೂ ಇಲ್ಲ.

ಲೆಕ್ಕ ಹೇಗೋ ಹಾಗೆ ಚಾಲನೆ

ಹಾಗಿದ್ದರೆ ಅನುಭವಿಗಳೂ ಘಟ್ಟದಲ್ಲಿ ನ್ಯೂಟ್ರಲ್ ಹಾಕಿ ಇಳಿಯುವುದೇಕೆ? ಲೆಕ್ಕದ ಪುಸ್ತಕ ಬಲ್ಲವರಿಗೆ ಉತ್ತರ ಗೊತ್ತು. ಹಲವು ಮಾಲೀಕರು ಸಂಬಳ ಕಡಿಮೆ ಇಟ್ಟು, ‘ಡೀಸೆಲ್ ಉಳಿಸಿದ್ದು ನಿನ್ನದು’ ಎನ್ನುತ್ತಾರೆ. ಲೋಡ್ ಇರುವ ಹತ್ತು ಗಾಲಿ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಆಸುಪಾಸು ಓಡುತ್ತದೆ. ಒಂದೆರಡು ಲೀಟರ್ ಉಳಿಸುವ ಆಸೆಗೆ ಚಾಲಕರು ಇಳಿಜಾರಿನಲ್ಲಿ ಗೇರು ತೆಗೆಯುತ್ತಾರೆ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಪೂರೈಕೆ ನಿಂತೇ ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಡೀಸೆಲ್ ಸುಡುತ್ತಲೇ ಇರುತ್ತದೆ. ಪ್ರಾಣ ಪಣಕ್ಕಿಟ್ಟು ಉಳಿಸಿದೆವು ಎಂದುಕೊಳ್ಳುವ ಡೀಸೆಲ್ ಉಳಿಯುವುದೂ ಇಲ್ಲ. ಆದರೂ ಆ ರೂಢಿ ಹೋಗಿಲ್ಲ, ಏಕೆಂದರೆ ಆ ಬಗೆಯ ಸಂಬಳ ಹೋಗಿಲ್ಲ.

ನಿದ್ದೆಗೆಟ್ಟು ಓಡಿಸುವುದೂ ಹೀಗೆಯೇ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತಿತ್ತು. ಟ್ರಿಪ್ಪಿಗೆ ಇಷ್ಟು ಎಂದು ಬಾಟಾ ಕೊಟ್ಟು, ಅನ್‌ಲೋಡಿಗೆ ಕಾದ ದಿನಗಳಿಗೆ ಏನೂ ಕೊಡದಿದ್ದರೆ ಚಾಲಕರು ಕಳೆದ ದಿನವನ್ನು ರಾತ್ರಿ ಓಡಿಸಿ ತುಂಬಿಸಿಕೊಳ್ಳುತ್ತಾರೆ. ಹೊಸಬರು ಸಂಬಳ ಎಷ್ಟು ಎಂದು ಕೇಳುತ್ತಾರೆ. ನಿಂತ ದಿನಕ್ಕೆ ಬಾಟಾ ಎಷ್ಟು ಎಂದು ಕೇಳುವುದಿಲ್ಲ. ನನ್ನ ಪ್ರಕಾರ ಎರಡನೆಯದೇ ಮೊದಲ ಪ್ರಶ್ನೆಯಾಗಬೇಕು.

ಸಾಲ ಏರುವ ಬಗೆಯನ್ನೂ ಇಲ್ಲೇ ಹೇಳಬೇಕು. ಟ್ರಿಪ್ ಹೊರಡುವಾಗ ಖರ್ಚಿಗೆ ಹಣ ಕೊಡುತ್ತಾರೆ. ಟೋಲ್ ಈಗ ಫಾಸ್ಟ್ಯಾಗ್‌ನಲ್ಲಿ ಮಾಲೀಕರ ಖಾತೆಯಿಂದಲೇ ಹೋಗುತ್ತದೆ, ಹಟ್ಟಿಕೇರಿ, ಹೊಳೆಗದ್ದೆಯ ಟೋಲ್‌ಗಳಲ್ಲಿ ಚೀಟಿ ಜೋಪಾನ ಮಾಡುವ ಕೆಲಸವಿಲ್ಲ. ಉಳಿದದ್ದಕ್ಕೆ ಚೀಟಿ ಬೇಕು. ಹಮಾಲರಿಗೆ ಕೊಟ್ಟದ್ದಕ್ಕೆ ಚೀಟಿ ಇಲ್ಲ, ಮಧ್ಯರಾತ್ರಿ ಪಂಕ್ಚರ್ ಹಾಕಿದವರು ಚೀಟಿ ಕೊಡುವುದಿಲ್ಲ, ಚೀಲ ಹರಿದು ಸಿಮೆಂಟ್ ಕಡಿಮೆ ಬಂದರೆ ಅದೂ ಚಾಲಕರ ತಲೆಗೆ. ಟ್ರಿಪ್ ಮುಗಿದಾಗ ಲೆಕ್ಕ ಕೂಡದೆ ಉಳಿದ ಹಣ ‘ಡ್ರೈವರ್ ಬಾಕಿ’ ಎಂಬ ಕಾಲಮ್ಮಿಗೆ ಹೋಗುತ್ತದೆ. ಪ್ರತಿ ಟ್ರಿಪ್ಪಿಗೂ ಸ್ವಲ್ಪ ಸ್ವಲ್ಪ. ವರ್ಷದ ಕೊನೆಗೆ ಅದು ಬಿಡಿಸಿಕೊಳ್ಳಲಾಗದ ಮೊತ್ತವಾಗಿ, ಆ ಮೊತ್ತ ತೀರುವವರೆಗೆ ಚಾಲಕರು ಬೇರೆ ಕಡೆ ಹೋಗುವಂತಿಲ್ಲ. ಬಾಕಿ ಹೊತ್ತವರು ಓವರ್‌ಲೋಡಿಗೂ ಇಲ್ಲ ಎನ್ನಲಾರರು, ನಿದ್ದೆಗೂ ಸಮಯ ಕೇಳಲಾರರು.

ತದಡಿಯವರ ಹೆಂಡತಿ ಇದಕ್ಕೆ ಒಂದು ವ್ಯವಸ್ಥೆ ಮಾಡಿದರು. ದಾರಿಯಲ್ಲಿ ಹಣ ಕೊಟ್ಟ ಕೂಡಲೇ ಗಂಡ ಮೊಬೈಲಿನಲ್ಲಿ ಒಂದು ಸಾಲಿನ ಧ್ವನಿ ಸಂದೇಶ ಕಳುಹಿಸಬೇಕು: ಎಲ್ಲಿ, ಯಾರಿಗೆ, ಎಷ್ಟು. ಹೆಂಡತಿ ಮನೆಯಲ್ಲಿ ಅದನ್ನು ಪುಸ್ತಕಕ್ಕೆ ಇಳಿಸುತ್ತಾರೆ. ಟ್ರಿಪ್ ಮುಗಿದು ಕಚೇರಿಗೆ ಬಂದಾಗ ನನ್ನ ಪುಸ್ತಕ, ಅವರ ಪುಸ್ತಕ ಎರಡನ್ನೂ ಎದುರು ಬದುರು ಇಟ್ಟು ಅಂದೇ ಲೆಕ್ಕ ಮುಗಿಸುವುದು. ಮಾಲೀಕರು ಮೊದಲು ಮುಖ ಬಿಗಿದರು. ಎರಡು ಮೂರು ತಿಂಗಳಲ್ಲಿ ಅವರೇ ಉಳಿದ ಇಬ್ಬರು ಚಾಲಕರಿಗೂ ಹೀಗೆಯೇ ಬರೆಯಲು ಹೇಳಿದರು. ಈ ಪ್ರಕರಣದಲ್ಲಿ ಬೇರೆಯವರು ಎತ್ತಿಕೊಳ್ಳಬಹುದಾದ ಒಂದೇ ಒಂದು ಸಂಗತಿ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

2024ರ ಮಳೆಗಾಲ

ಕಲಿಕೆ ಮುಗಿಯುವ ಹೊತ್ತಿಗೆ ಜಿಲ್ಲೆಯೇ ನಡುಗಿದ ಆ ಮಳೆಗಾಲ ಬಂತು. ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿದ್ದ ಜನ, ನಿಂತಿದ್ದ ವಾಹನಗಳು ಮಣ್ಣಿಗೂ ಗಂಗಾವಳಿ ನದಿಗೂ ಸೇರಿದವು. ಕೇರಳದ ಚಾಲಕರೊಬ್ಬರು ಮರದ ಲೋಡ್ ಲಾರಿಯೊಂದಿಗೆ ಕಾಣೆಯಾದರು. ಲಾರಿಯನ್ನೂ ಅವರನ್ನೂ ನದಿಯಿಂದ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಈ ನಡುವೆ ಆಗಸ್ಟ್ 7ರಂದು, ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಆ ಚಾಲಕರು ಬದುಕಿ ಬಂದರು.

ಚಹಾಕ್ಕೆಂದು ಲಾರಿ ನಿಲ್ಲಿಸಿದವರು ಮತ್ತೆ ಹೊರಡಲಿಲ್ಲ ಎಂಬ ಸಂಗತಿ ಲಾರಿಯವರ ಮನೆಗಳಲ್ಲಿ ಹೇಗೆ ನಾಟಿತು ಎಂಬುದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಉಸ್ತಾದರೂ ತದಡಿಯವರೂ ಅದೇ ಜಾಗದಲ್ಲಿ ಎಷ್ಟೋ ಸಲ ನಿಂತಿದ್ದರು. ‘ನೀವು ಸಮುದ್ರದಲ್ಲಿದ್ದಾಗಲೂ ನಾನು ಇಷ್ಟು ಹೆದರಿರಲಿಲ್ಲ’ ಎಂದರು ಹೆಂಡತಿ. ತಾಯಿಯಂತೂ ಬೋಟಿಗೆ ಮರಳಿ ಹೋಗು ಎಂದು ಹಟ ಹಿಡಿದರು. ಕೆಲಸ ಬಿಡುವ ಮಾತು ಗಂಭೀರವಾಗಿಯೇ ನಡೆಯಿತು.

ಬಿಡಲಿಲ್ಲ. ಆದರೆ ಮನೆಯವರೂ ಮಾಲೀಕರೂ ಕೂಡಿ ಕೆಲವು ಮಾತು ಕಟ್ಟಿಕೊಂಡರು. ಮಳೆಗಾಲದಲ್ಲಿ ಕಡಿದ ಗುಡ್ಡದ ಕೆಳಗೆ, ನದಿಯ ಅಂಚಿಗೆ ಲಾರಿ ನಿಲ್ಲಿಸುವುದಿಲ್ಲ. ಪೆಟ್ರೋಲ್ ಬಂಕಿನ ಆವರಣ ಅಥವಾ ಬಯಲು ಸಿಗುವವರೆಗೆ ಚಹಾ ಇಲ್ಲ, ಊಟ ಇಲ್ಲ. ಜಿಲ್ಲಾಡಳಿತ ಘಟ್ಟದಲ್ಲಿ ಭಾರಿ ವಾಹನ ನಿರ್ಬಂಧಿಸಿದರೆ ಅಡ್ಡದಾರಿ ಹುಡುಕದೆ ನಿಲ್ಲುವುದು, ನಿಂತ ದಿನಕ್ಕೂ ಬಾಟಾ ಕೊಡುವುದು. ಈ ಕೊನೆಯ ಷರತ್ತು ಇಲ್ಲದಿದ್ದರೆ ಉಳಿದವು ಬಾಯಿಮಾತಾಗಿ ಹೋಗುತ್ತಿದ್ದವು. ಹೆಂಡತಿಯ ಒತ್ತಾಯದಿಂದಲೇ ವಿಮೆಯ ಕೆಲಸವೂ ಆಯಿತು. ಖಾಸಗಿ ವಾಣಿಜ್ಯ ವಾಹನಗಳ ಚಾಲಕ, ಕ್ಲೀನರ್‌ಗಳಿಗೆ ರಾಜ್ಯ ಸರ್ಕಾರದ ಅಪಘಾತ ಪರಿಹಾರ ಯೋಜನೆ ಇದೆ. ನೋಂದಾಯಿಸಿದ್ದರೆ ಅಪಘಾತದಲ್ಲಿ ಸಾವು ಸಂಭವಿಸಿದಾಗ ಕುಟುಂಬಕ್ಕೆ 5 ಲಕ್ಷ ರೂಪಾಯಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಬೇರೆ. ಇದನ್ನೆಲ್ಲ ಸೇರಿದ ಮೊದಲ ವಾರವೇ ಮಾಡಿಸಬೇಕು.

ಅಪಘಾತವಾದರೆ ಏನು ಮಾಡಬೇಕು ಎಂಬ ಭಯವೂ ಆ ವರ್ಷ ಎಲ್ಲರಲ್ಲಿತ್ತು. ಅಪಘಾತ ಮಾಡಿ ಓಡಿಹೋದರೆ ಹತ್ತು ವರ್ಷದವರೆಗೆ ಶಿಕ್ಷೆ ಎಂಬ ಹೊಸ ಕಲಮಿನ ವಿರುದ್ಧ 2024ರ ಜನವರಿಯಲ್ಲಿ ದೇಶದ ಲಾರಿ ಚಾಲಕರು ಮುಷ್ಕರ ಹೂಡಿದ್ದರು. ಭಾರತೀಯ ನ್ಯಾಯ ಸಂಹಿತೆ ಜುಲೈ 1ರಂದು ಜಾರಿಯಾದಾಗ ಆ 106(2)ನೇ ಕಲಮನ್ನು ಬಿಟ್ಟು ಜಾರಿಯಾಯಿತು. ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ ಪೊಲೀಸರಿಗೆ ತಿಳಿಸುವ ಕರ್ತವ್ಯವಂತೂ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲಿನಿಂದ ಇದೆ. ಗುಂಪು ಮೈಮೇಲೆ ಬೀಳುವಂತಿದ್ದರೆ ಅಲ್ಲಿ ನಿಲ್ಲಲೇಬೇಕು ಎಂದು ಆ ಕಾಯ್ದೆಯೂ ಹೇಳುವುದಿಲ್ಲ. ಉಸ್ತಾದರು ಹೇಳಿಕೊಟ್ಟದ್ದು ಇಷ್ಟು: ಮೊದಲು 112ಕ್ಕೆ ಫೋನು, ಆಮೇಲೆ ಮಾಲೀಕರಿಗೆ, ನಿಲ್ಲಲು ಭಯವಾದರೆ ನೇರ ಪೊಲೀಸ್ ಠಾಣೆಗೆ.

ಒಂಟಿಯಾಗಿ ಗಾಡಿ ಹತ್ತಿದ ಮೇಲೆ

ಆರು ತಿಂಗಳು ಎಂದದ್ದು ವರ್ಷಕ್ಕೆ ಹತ್ತಿರವಾಯಿತು. 2024ರ ದೀಪಾವಳಿಯ ನಂತರ ಉಸ್ತಾದರು ಮಾಲೀಕರಿಗೆ ‘ಇನ್ನು ಕೊಡಬಹುದು’ ಎಂದರು.

ಮೊದಲ ಕಷ್ಟ ಎದುರಾದದ್ದು ರಸ್ತೆಯಲ್ಲಲ್ಲ, ಲೋಡಿಂಗ್ ಜಾಗದಲ್ಲಿ. 2018ರ ಪರಿಷ್ಕರಣೆಯ ನಂತರ ಹತ್ತು ಗಾಲಿಯ ಮೂರು ಆಕ್ಸಲ್ ಲಾರಿಯ ಒಟ್ಟು ತೂಕದ ಮಿತಿ 28.5 ಟನ್. ಸರಕಿನವರು ಇನ್ನೂ ಮೂರು ಟನ್ ಹಾಕಲು ಹೊರಟರು. ‘ನಿಮ್ಮ ಉಸ್ತಾದರು ಒಯ್ಯುತ್ತಿದ್ದರು’ ಎಂದೂ ಹೇಳಿದರು. ತದಡಿಯವರು ಉಸ್ತಾದರಿಗೇ ಫೋನು ಮಾಡಿ, ಅದು ಸುಳ್ಳೆಂದು ತಿಳಿದು, ತೂಕ ಹಾಕಿಸದೆ ತಾಡಪಾಲು ಕಟ್ಟುವುದಿಲ್ಲ ಎಂದು ಕುಳಿತರು. ಮಿತಿ ಮೀರಿದರೆ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಅದಕ್ಕಿಂತ ದೊಡ್ಡ ಚಿಂತೆ ಮುಂದಿದ್ದ ಅರೆಬೈಲ್ ಇಳಿಜಾರು. ಅರ್ಧ ದಿನ ವ್ಯರ್ಥವಾಯಿತು. ಮಾಲೀಕರು ಸರಕಿನವರೊಡನೆ ಮಾತನಾಡಿ ಹೆಚ್ಚುವರಿ ಚೀಲ ಇಳಿಸಿದರು, ಆ ಅರ್ಧ ದಿನದ ಬಾಟಾ ಕೊಟ್ಟರು. ನಾನೇ ಪುಸ್ತಕದಲ್ಲಿ ಬರೆದೆ. ಬಾಕಿ ಹೊತ್ತ ಚಾಲಕರಾಗಿದ್ದರೆ ಅಂದು ಕುಳಿತುಕೊಳ್ಳುವ ಧೈರ್ಯ ಬರುತ್ತಿರಲಿಲ್ಲ. ಅವರೂ ಹಾಗೆಯೇ ಹೇಳುತ್ತಾರೆ.

ಎಲ್ಲವೂ ಸರಿಯಾಗಿದೆ ಎಂದಲ್ಲ. ಬೆನ್ನುನೋವು ಶುರುವಾಗಿದೆ. ಮಗಳ ಶಾಲೆಯ ಕಾರ್ಯಕ್ರಮಗಳು ತಪ್ಪುತ್ತವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ, ಆದರೆ ಅವರು ಓಡಿಸುತ್ತಿರುವುದು ಹಳೆಯ ಗಾಡಿ. ಏಪ್ರಿಲ್ ಮಧ್ಯಾಹ್ನ ಎಂಜಿನ್ನಿನ ಬಿಸಿ ಮೊಣಕಾಲಿಗೆ ಹೊಡೆಯುತ್ತದೆ. ಹೆದ್ದಾರಿಯಲ್ಲಿ ಸ್ನಾನಕ್ಕೆ, ಶೌಚಕ್ಕೆ ಮರ್ಯಾದೆಯ ಜಾಗ ಸಿಗುವುದು ಇಂದಿಗೂ ಅಪರೂಪ. ಬೋಟಿನ ಕಾಲಕ್ಕೆ ಹೋಲಿಸಿದರೆ ಕೈಗೆ ಬರುವ ಹಣ ಬಹಳ ಹೆಚ್ಚೇನೂ ಆಗಿಲ್ಲ; ಜೂನ್, ಜುಲೈನಲ್ಲೂ ಬರುತ್ತದೆ, ಯಾರ ಮುಂಗಡವೂ ತಲೆಯ ಮೇಲಿಲ್ಲ. ಅವರು ಬಯಸಿದ್ದು ಅದನ್ನೇ.

ಈಗ ಮಾಲೀಕರು ಮುಂಬೈ ಮಾರ್ಗಕ್ಕೆ ಒಂದು ದೊಡ್ಡ ಟ್ರೈಲರ್ ತರುವ ಯೋಚನೆಯಲ್ಲಿದ್ದಾರೆ, ಅದನ್ನು ತದಡಿಯವರಿಗೆ ಕೊಡಬೇಕೆಂದಿದ್ದಾರೆ. ಬಾಟಾ ಹೆಚ್ಚು. ಅನ್‌ಲೋಡಿಗೆ ಕಾಯುವ ದಿನಗಳೂ ಹೆಚ್ಚು. ನಿಂತ ದಿನದ ದರವನ್ನು ಕಾಗದದಲ್ಲಿ ಬರೆದು ಸಹಿ ಹಾಕಿದರೆ ಮಾತ್ರ ಹತ್ತುತ್ತೇನೆ ಎಂದು ಅವರು ಹೇಳಿದ್ದಾರೆ. ಮಾಲೀಕರು ದರಕ್ಕೆ ಒಪ್ಪಿದ್ದಾರೆ, ಸಹಿಗೆ ಇನ್ನೂ ಒಪ್ಪಿಲ್ಲ. ಕಾಗದದ ಕರಡು ನನ್ನ ಮೇಜಿನ ಮೇಲಿದೆ. ಅದು ತೀರ್ಮಾನವಾಗುವವರೆಗೆ ಅವರು ಹುಬ್ಬಳ್ಳಿಯ ಸಿಮೆಂಟ್ ಲೋಡನ್ನೇ ತರುತ್ತಿದ್ದಾರೆ.